ಸೋತವರಿಗೆ ಮಾರುವ ಸರಕು

ಆನ್‌ಲೈನ್ ಚೆಸ್‌ಗೆ ದುಡ್ಡು ಕೊಡಬೇಕಾ ಬೇಡವಾ ಎನ್ನುವ ಪ್ರಶ್ನೆ ಗೆದ್ದ ರಾತ್ರಿ ಯಾರಿಗೂ ಹುಟ್ಟುವುದಿಲ್ಲ. ಗೆದ್ದವರು ಫೋನ್ ಚಾರ್ಜಿಗೆ ಹಾಕಿ ಮಲಗುತ್ತಾರೆ. ಸೋತವರಿಗೆ ನಿದ್ದೆ ಹತ್ತುವುದಿಲ್ಲ. ಎಲ್ಲಿ ಕೆಟ್ಟಿತು? ಆನೆ ಬಿಟ್ಟಿದ್ದಕ್ಕಾ, ಅದಕ್ಕೂ ಮೊದಲೇ ಕೆಟ್ಟಿತ್ತಾ? ಸರಿಯಾಗಿ ಆ ಹೊತ್ತಿಗೆ ಪರದೆಯ ಮೇಲೆ ಗೇಮ್ ರಿವ್ಯೂ ಅನ್ನೋ ಬಟನ್ ಕಾಣುತ್ತದೆ. ಒತ್ತಿದರೆ, ಇವತ್ತಿನ ಉಚಿತ ರಿವ್ಯೂ ಮುಗಿದಿದೆ, ಸದಸ್ಯರಾಗಿ ಎನ್ನುತ್ತದೆ. ಗಿರಾಕಿ ಯಾವ ಹೊತ್ತಿನಲ್ಲಿ ಮೆತ್ತಗಿರುತ್ತಾನೆ ಅಂತ ಮಾರುವವರಿಗೆ ಚೆನ್ನಾಗಿ ಗೊತ್ತು.

ನಾನು ದೊಡ್ಡ ಆಟಗಾರನೇನಲ್ಲ. ಮೈಸೂರಿನಲ್ಲಿ ಕೆಲಸ, ವಯಸ್ಸು ನಲವತ್ತು ದಾಟಿದೆ. ರಾತ್ರಿ ಊಟ ಆದ ಮೇಲೆ ಹತ್ತು ನಿಮಿಷದ ಆಟ ಒಂದೋ ಎರಡೋ ಆಡುತ್ತೇನೆ. ರೇಟಿಂಗ್, ಅಂದರೆ ಆಟದ ಮಟ್ಟ ತೋರಿಸುವ ಅಂಕಿ, ಸಾವಿರದ ಇನ್ನೂರರ ಆಸುಪಾಸಿನಲ್ಲಿ ಬೇರು ಬಿಟ್ಟಿದೆ. ಮೇಲೆ ಏರುವ ಆಸೆ ಇಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಹಾಗಾಗಿ ಈ ಸದಸ್ಯತ್ವದ ವಿಚಾರವನ್ನು ಕೂತು ಯೋಚಿಸಿದೆ. ಒಂದು ಸಿನಿಮಾ ಆ್ಯಪ್‌ಗೋ ದಿನಪತ್ರಿಕೆಗೋ ದುಡ್ಡು ಕಟ್ಟುವಾಗ ಇಷ್ಟೊಂದು ಯೋಚಿಸಿರಲಿಲ್ಲ. ಚೆಸ್ ಆಡುವವರು ಎಲ್ಲದಕ್ಕೂ ನಾಲ್ಕು ನಡೆ ಮುಂದೆ ನೋಡುತ್ತಾರೆ ಅಂತ ಹೊರಗಿನವರು ನಂಬಿದ್ದಾರೆ, ನಂಬಿಕೊಂಡಿರಲಿ.

ಮೊದಲನೆಯದಾಗಿ, ಆಟಕ್ಕೆ ದುಡ್ಡಿಲ್ಲ. 2007ರಲ್ಲಿ ಶುರುವಾದ ಚೆಸ್ ಡಾಟ್ ಕಾಮ್‌ನಲ್ಲಿ ಒಂದು ರೂಪಾಯಿ ಕೊಡದೆ ದಿನವಿಡೀ ಆಡಬಹುದು. ಎದುರಾಳಿ ಬ್ರೆಜಿಲಿನವನೋ ಬಾಂಗ್ಲಾದವನೋ, ಹತ್ತು ಸೆಕೆಂಡಿನಲ್ಲಿ ಸಿಗುತ್ತಾನೆ. ದುಡ್ಡು ಕೇಳುವುದು ಆಟದ ಸುತ್ತಮುತ್ತಲಿನ ಸಂಗತಿಗಳಿಗೆ. ಉಚಿತ ಖಾತೆಯವರಿಗೆ ದಿನಕ್ಕೆ ಬೆರಳೆಣಿಕೆಯಷ್ಟು ಪಜಲ್, ಆಯ್ದ ಕೆಲವು ಪಾಠ, ಒಂದು ಗೇಮ್ ರಿವ್ಯೂ, ಜೊತೆಗೆ ಜಾಹೀರಾತು. ಈ ಲೆಕ್ಕ ಆಗಾಗ ಬದಲಾಗುತ್ತಿರುತ್ತದೆ, ಸೂತ್ರ ಮಾತ್ರ ಅದೇ. ಗೋಲ್ಡ್, ಪ್ಲಾಟಿನಂ, ಡೈಮಂಡ್ ಅಂತ ಮೆಟ್ಟಿಲು ಮಾಡಿ, ಮೇಲೆ ಹೋದಷ್ಟೂ ಮಿತಿ ಸಡಿಲ ಮಾಡುತ್ತಾ ಹೋಗುತ್ತಾರೆ. ಡೈಮಂಡ್‌ಗೆ ಬಂದರೆ ರಿವ್ಯೂ ಎಷ್ಟು ಬೇಕಾದರೂ ಮಾಡಿಕೊಳ್ಳಿ. ವರ್ಷದ ಲೆಕ್ಕದಲ್ಲಿ ಕಟ್ಟಿದರೆ ತಿಂಗಳಿಗೆ ಕಮ್ಮಿ ಬೀಳುತ್ತದೆ. ಅದೊಂದು ಎಲ್ಲ ಕಡೆಯೂ ಇರುವ ಗಾಳ.

ಅಂದರೆ ಇಲ್ಲಿ ಮಾರುತ್ತಿರುವುದು ಒಂದು ಉತ್ತರ. ನೀನು ಯಾಕೆ ಸೋತೆ ಅನ್ನೋದಕ್ಕೆ ಉತ್ತರ.

ಈ ಮಾತನ್ನು ಅಕ್ಕನ ಮಗನ ಹತ್ತಿರ ಆಡಿದೆ. ಅವನು ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ನನಗಿಂತ ಎಷ್ಟೋ ಚೆನ್ನಾಗಿ ಆಡುತ್ತಾನೆ. ಫೋನಿನಲ್ಲಿ ನಕ್ಕುಬಿಟ್ಟ.

“ಮಾಮ, ಅದಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ? ಆಟಾನ ಲೀಚೆಸ್ ಅನ್ನೋ ಸೈಟಿಗೆ ಹಾಕಿ. ಎಲ್ಲ ಫ್ರೀ. ಆಟ ಪರೀಕ್ಷಿಸೋ ಸ್ಟಾಕ್‌ಫಿಶ್ ಪ್ರೋಗ್ರಾಮೂ ಅಲ್ಲಿದೆ.”

“ಫ್ರೀ ಅಂದ್ರೆ ಎಷ್ಟು ದಿನ?”

“ಯಾವಾಗ್ಲೂ. ಅಷ್ಟೇ ಅಲ್ಲ, ಅಲ್ಲಿ ನಿಮ್ಮ ರೇಟಿಂಗೂ ಜಾಸ್ತಿ ತೋರಿಸುತ್ತೆ. ಖುಷಿಯಾಗಿರ್ತೀರಾ.”

ಹುಡುಗ ಹೇಳಿದ್ದು ನಿಜ. ಎರಡು ತಾಣಗಳ ರೇಟಿಂಗ್ ಅಳತೆ ಬೇರೆ ಬೇರೆ. ಲೀಚೆಸ್‌ನಲ್ಲಿ ಹೊಸಬರು 1500ರಿಂದಲೇ ಶುರು ಮಾಡುತ್ತಾರೆ. ನನ್ನಂಥವರ ಅಂಕಿ ಅಲ್ಲಿ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ. ಆಟ ಅದೇ, ತಪ್ಪುಗಳೂ ಅವೇ.

ಲೀಚೆಸ್ ಕತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು, ಯಾಕಂದರೆ ನಂಬುವುದಕ್ಕೇ ಕಷ್ಟ. ತಿಬೋ ದುಪ್ಲೆಸಿ ಎಂಬ ಫ್ರೆಂಚ್ ಪ್ರೋಗ್ರಾಮರ್ 2010ರಲ್ಲಿ ಇದನ್ನು ಶುರು ಮಾಡಿದ. ಇವತ್ತು ಅದು ಫ್ರಾನ್ಸಿನ ಕಾನೂನಿನ ಪ್ರಕಾರ ಲಾಭಕ್ಕಾಗಿ ನಡೆಯದ ಒಂದು ಸಂಘ. ಜಾಹೀರಾತಿಲ್ಲ. ಮೆಟ್ಟಿಲಿಲ್ಲ. ಪಜಲ್‌ಗೆ ಮಿತಿ ಇಲ್ಲ. ಆಡಿದ ಆಟವನ್ನು ಕಂಪ್ಯೂಟರ್ ವಿಶ್ಲೇಷಣೆಗೆ ಹಾಕಿದರೆ ತಪ್ಪು ನಡೆಗಳನ್ನೆಲ್ಲ ಎತ್ತಿ ತೋರಿಸುತ್ತದೆ. ಆಮೇಲೆ ‘ನಿಮ್ಮ ತಪ್ಪಿನಿಂದ ಕಲಿಯಿರಿ’ ಎಂಬ ಬಟನ್ ಒತ್ತಿದರೆ, ಅದೇ ಸ್ಥಿತಿಯನ್ನು ಮತ್ತೆ ಮುಂದಿಟ್ಟು, ಈಗ ಸರಿಯಾದ ನಡೆ ನೀನೇ ಹುಡುಕು ಎನ್ನುತ್ತದೆ. ಬೋರ್ಡಿನ ಮೇಲೆ ಏಳು ಅಥವಾ ಅದಕ್ಕಿಂತ ಕಮ್ಮಿ ಕಾಯಿಗಳು ಉಳಿದಿದ್ದರೆ, ಆ ಆಟ ಗೆಲುವೋ ಡ್ರಾನೋ ಅಂತ ಖಚಿತವಾಗಿ ಹೇಳುವ ಕೋಷ್ಟಕ ಕೂಡ ಇದೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ, ಯಾರೋ ಸುಮ್ನೆ ಪ್ರೀತಿಯಿಂದ ಕೂತು ಅನುವಾದ ಮಾಡಿದ್ದು. ತಾಣದ ಪೂರ್ತಿ ಕೋಡ್ ಬಯಲಲ್ಲಿದೆ. ಅಲ್ಲಿ ನಡೆದ ರೇಟೆಡ್ ಆಟಗಳನ್ನೆಲ್ಲ ತಿಂಗಳು ತಿಂಗಳು ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಡುತ್ತಾರೆ.

ಇನ್ನು ಸ್ಟಾಕ್‌ಫಿಶ್. ಅದೂ ಯಾರ ಆಸ್ತಿಯಲ್ಲ. ನಾರ್ವೆಯ ಟೋರ್ಡ್ ರೊಮ್‌ಸ್ಟಾಡ್ ಬರೆದಿದ್ದ ಗ್ಲೌರುಂಗ್ ಎಂಬ ಪ್ರೋಗ್ರಾಮನ್ನು ಇಟಲಿಯ ಮಾರ್ಕೊ ಕೊಸ್ಟಾಲ್ಬಾ 2008ರಲ್ಲಿ ಎತ್ತಿಕೊಂಡು ಬೆಳೆಸಿದ. ಆಮೇಲೆ ಲೋಕದ ಎಲ್ಲೆಲ್ಲಿಂದಲೋ ಜನ ಕೈಜೋಡಿಸಿದರು. ಇವತ್ತು ಯಾವ ಮನುಷ್ಯನೂ ಅದರ ಎದುರು ನಿಲ್ಲುವುದಿಲ್ಲ. ಎಂಜಿನ್ ಅಂತ ಕರೆಯುವ ಆ ಪ್ರೋಗ್ರಾಮ್ ನನ್ನ ಹಳೇ ಫೋನಿನಲ್ಲೂ ಓಡುತ್ತದೆ, ಬಿಟ್ಟಿಯಾಗಿ.

ಹಾಗಾದರೆ ಉತ್ತರ ಎಲ್ಲ ಕಡೆ ಬಿಟ್ಟಿ ಸಿಗುವಾಗ ದುಡ್ಡು ಯಾವುದಕ್ಕೆ? ಉತ್ತರವನ್ನು ಹೇಳುವ ರೀತಿಗೆ. ಲೀಚೆಸ್‌ನಲ್ಲಿ ಗ್ರಾಫ್ ಬರುತ್ತದೆ, ಅಂಕಿ ಬರುತ್ತದೆ, ನಡೆಗಳ ಸಾಲು ಬರುತ್ತದೆ. ಅರ್ಥ ಮಾಡಿಕೊಳ್ಳುವುದು ನಿಮ್ಮ ಪಾಡು. ದುಡ್ಡಿನ ರಿವ್ಯೂನಲ್ಲಿ ಒಬ್ಬ ಕೋಚ್ ಬಂದು ಮಾತಾಡುತ್ತಾನೆ: ಈ ನಡೆಯಿಂದ ನಿನ್ನ ಕುದುರೆಗೆ ಕಾವಲು ತಪ್ಪಿತು, ಇಲ್ಲಿ ಎದುರಾಳಿಗೆ ಒಂದು ಫೋರ್ಕ್, ಅಂದರೆ ಒಂದೇ ಕಾಯಿಯಿಂದ ಎರಡಕ್ಕೆ ಗುರಿಯಿಡುವ ನಡೆ, ಇತ್ತು, ಹೀಗೆ. ಒಳ್ಳೆಯ ಬಲಿದಾನ ಕೊಟ್ಟರೆ ‘ಬ್ರಿಲಿಯಂಟ್’ ಅಂತ ಎರಡು ಆಶ್ಚರ್ಯಸೂಚಕ ಚಿಹ್ನೆ ಹಾಕಿ ಮಿನುಗಿಸುತ್ತಾನೆ. ಇದನ್ನು ಬರೀ ಬಣ್ಣದ ಕಾಗದ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅಂಕಿ ನೋಡಿ ಏನೂ ತಿಳಿಯದವನಿಗೆ ಒಂದು ಮಾತು ತಿಳಿಯುತ್ತದೆ. ಚೆನ್ನಾಗಿ ವಿವರಿಸುವುದು ಕೂಡ ಕೆಲಸವೇ, ಆ ಕೆಲಸಕ್ಕೆ ಕೂಲಿ ಕೇಳುವುದರಲ್ಲಿ ಮೋಸ ಇಲ್ಲ.

ಆದರೆ ಚೆಸ್ ಲೋಕದಲ್ಲಿ ಈ ಕೂಲಿಯ ಜಗಳ ಹಳೇದು. ವೆಬ್‌ಸೈಟುಗಳು ಜನರಿಗೆ ಸರಿಯಾಗಿ ಗೊತ್ತಾಗುವ ಮೊದಲೇ, 1992ರಲ್ಲಿ, ಅಮೆರಿಕದಲ್ಲಿ ಇಂಟರ್ನೆಟ್ ಚೆಸ್ ಸರ್ವರ್ ಅಂತ ಒಂದು ಶುರುವಾಯಿತು. ಬೋರ್ಡನ್ನು ಅಕ್ಷರಗಳಲ್ಲೇ ಬಿಡಿಸುತ್ತಿದ್ದ ಕಾಲ. ನಡೆಯನ್ನು ಟೈಪ್ ಮಾಡಿ ಕಳಿಸಬೇಕು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಡೇನಿಯಲ್ ಸ್ಲೇಟರ್ ಅದರ ಉಸ್ತುವಾರಿ ವಹಿಸಿಕೊಂಡು ತುಂಬ ಸುಧಾರಿಸಿದರು. 1995ರಲ್ಲಿ ಅದಕ್ಕೆ ಇಂಟರ್ನೆಟ್ ಚೆಸ್ ಕ್ಲಬ್ ಅಂತ ಹೆಸರಿಟ್ಟು ವರ್ಷಕ್ಕೆ 49 ಡಾಲರ್ ಶುಲ್ಕ ಹಾಕಿದರು. ಅಲ್ಲಿಯವರೆಗೆ ಅಲ್ಲಿ ಬಿಟ್ಟಿಯಾಗಿ ಆಡಿದ್ದವರಿಗೆ, ಬಿಟ್ಟಿಯಾಗಿ ಕೋಡ್ ಬರೆದುಕೊಟ್ಟವರಿಗೆ ಸಿಟ್ಟು ಬಂತು. ಎಲ್ಲರೂ ಸೇರಿ ಕಟ್ಟಿದ್ದನ್ನು ಒಬ್ಬರು ಮಾರುವುದು ಯಾವ ನ್ಯಾಯ ಅಂತ ಕೇಳಿದರು. ಕೆಲವರು ಸುಮ್ಮನೆ ಕೂರದೆ ಅದೇ ವರ್ಷ ಫ್ರೀ ಇಂಟರ್ನೆಟ್ ಚೆಸ್ ಸರ್ವರ್ ಅಂತ ಇನ್ನೊಂದನ್ನು ಎಬ್ಬಿಸಿದರು.

ಆಮೇಲೆ ಏನಾಯಿತು? ಎರಡೂ ಬದುಕಿದವು. ದುಡ್ಡಿನ ಕ್ಲಬ್ಬಿಗೆ ಗ್ರ್ಯಾಂಡ್‌ಮಾಸ್ಟರ್‌ಗಳು ಬಂದರು, ಅವರ ಆಟ ನೋಡಲು ಉಳಿದವರು ದುಡ್ಡು ಕಟ್ಟಿದರು. ಬಿಟ್ಟಿ ಸರ್ವರಿನಲ್ಲಿ ವಿದ್ಯಾರ್ಥಿಗಳು, ಕೋಡ್ ಬರೆಯುವವರು, ಜೇಬು ಖಾಲಿ ಇದ್ದವರು ರಾತ್ರಿಯಿಡೀ ಆಡಿದರು. ಇವತ್ತಿನ ಚೆಸ್ ಡಾಟ್ ಕಾಮ್ ಮತ್ತು ಲೀಚೆಸ್ ಜೋಡಿಯನ್ನು ನೋಡಿದಾಗಲೆಲ್ಲ ನನಗೆ ಆ 1995ರ ಜಗಳವೇ ಹೊಸ ಅಂಗಿ ತೊಟ್ಟು ಬಂದಿದೆ ಅನ್ನಿಸುತ್ತದೆ. ಸ್ಲೇಟರ್ ಅವರನ್ನು ಖಳನಾಯಕ ಮಾಡುವವರ ಗುಂಪಿಗೆ ನಾನು ಸೇರುವುದಿಲ್ಲ. ಬಿಟ್ಟಿ ನಡೆಸಿದವರ ಹಟ ನನಗೆ ಹೆಚ್ಚು ಇಷ್ಟ, ಅಷ್ಟೇ.

ದುಡ್ಡು ಎಲ್ಲಿಗೆ ಹೋಗುತ್ತದೆ ಅಂತಲೂ ನೋಡಬೇಕು ಅಲ್ವಾ. ಚೆಸ್ ಡಾಟ್ ಕಾಮ್ ಸದಸ್ಯರ ಸಂಖ್ಯೆ 2022ರ ಡಿಸೆಂಬರಿನಲ್ಲಿ ಹತ್ತು ಕೋಟಿ ದಾಟಿತು. ಮರು ತಿಂಗಳೇ ಒಂದೇ ದಿನ ಒಂದು ಕೋಟಿ ಜನ ಬಂದು ಸರ್ವರುಗಳು ಏದುಸಿರು ಬಿಟ್ಟವು. ಅಷ್ಟು ಜನರನ್ನು ತಾಳಿಕೊಳ್ಳುವ ಯಂತ್ರ, ಕಳ್ಳಾಟ ಹಿಡಿಯುವ ತಂಡ, ನೇರ ಪ್ರಸಾರ, ಬಹುಮಾನದ ಹಣ, ಎಲ್ಲಕ್ಕೂ ಖರ್ಚಿದೆ. 2014ರಲ್ಲಿ ಶುರುವಾದ ‘ಟೈಟಲ್ಡ್ ಟ್ಯೂಸ್‌ಡೇ’ ಎಂಬ ಟೂರ್ನಿಯಲ್ಲಿ ಜಗತ್ತಿನ ಅಗ್ರ ಆಟಗಾರರು ಬಹುಮಾನಕ್ಕಾಗಿ ಬ್ಲಿಟ್ಜ್, ಅಂದರೆ ಕೆಲವೇ ನಿಮಿಷದ ಆಟ, ಆಡುತ್ತಾರೆ. ನನಗೆ ನಗು ಬಂದದ್ದು ಇನ್ನೊಂದು ಸಂಗತಿಗೆ. ಗ್ರ್ಯಾಂಡ್‌ಮಾಸ್ಟರ್, ಇಂಟರ್‌ನ್ಯಾಷನಲ್ ಮಾಸ್ಟರ್‌ನಂಥ ಬಿರುದು ಇರುವವರಿಗೆ ಡೈಮಂಡ್ ಸದಸ್ಯತ್ವ ಉಚಿತ. ಚೆನ್ನಾಗಿ ಆಡುವವರು ಕೊಡುವುದಿಲ್ಲ, ಸೋಲುವ ನಾವು ಕೊಡುತ್ತೇವೆ. ತಪ್ಪೇನಿಲ್ಲ ಬಿಡಿ. ಸಂಗೀತ ಕಚೇರಿಯಲ್ಲೂ ಟಿಕೆಟ್ ತೆಗೆದುಕೊಳ್ಳುವುದು ಹಾಡುಗಾರರಲ್ಲವಲ್ಲ.

ಲೀಚೆಸ್ ಕಡೆ ಲೆಕ್ಕ ಬೇರೆ. ಸರ್ವರಿಗೆ ಎಷ್ಟು, ಯಾರಿಗೆ ಸಂಬಳ ಎಷ್ಟು ಅಂತ ಖರ್ಚಿನ ಪಟ್ಟಿಯನ್ನೇ ಎಲ್ಲರೂ ನೋಡುವಂತೆ ಇಟ್ಟಿದ್ದಾರೆ. ಬರುವ ಹಣ ದೇಣಿಗೆಯದು. ಕೊಟ್ಟವರ ಹೆಸರಿನ ಪಕ್ಕ ಒಂದು ಪುಟ್ಟ ರೆಕ್ಕೆಯ ಗುರುತು ಬರುತ್ತದೆ. ಅದು ಬಿಟ್ಟರೆ ಕೊಟ್ಟವರಿಗೂ ಕೊಡದವರಿಗೂ ಒಂದೇ ಬಾಗಿಲು. ಆಟಗಳ ವಿಶ್ಲೇಷಣೆಗೆ ಬೇಕಾದ ಕಂಪ್ಯೂಟರ್ ಶಕ್ತಿಯನ್ನು ಕೂಡ ಎಷ್ಟೋ ಮಂದಿ ತಮ್ಮ ಮನೆಯ ಯಂತ್ರದಿಂದ ಬಿಟ್ಟುಕೊಡುತ್ತಾರೆ. ರಾತ್ರಿ ಹನ್ನೊಂದಕ್ಕೆ ನನ್ನ ಪೆದ್ದು ಆಟವನ್ನು ಯಾವುದೋ ದೇಶದ ಯಾವುದೋ ಮನೆಯ ಕಂಪ್ಯೂಟರ್ ಅಳೆದು ತೂಗುತ್ತಿರುತ್ತದೆ. ಯೋಚಿಸಿದರೆ ಸಂಕೋಚವಾಗುತ್ತದೆ.

ಇಷ್ಟೆಲ್ಲ ತಿಳಿದ ಮೇಲೂ ಡೈಮಂಡ್ ಆಸೆ ಹೋಗಲಿಲ್ಲ. ಅದಕ್ಕೆ ಕಾರಣ ಬೆಲೆಯಲ್ಲ. ದುಡ್ಡು ಕಟ್ಟಿದರೆ ಶಿಸ್ತು ಬರುತ್ತದೆ ಅನ್ನೋ ನಂಬಿಕೆ. ಕಟ್ಟಿದ್ದೇವಲ್ಲ, ವೇಸ್ಟ್ ಆಗಬಾರದು ಅಂತ ದಿನಾ ಕೂತು ಕಲಿಯುತ್ತೇವೆ ಅನ್ನೋ ಲೆಕ್ಕಾಚಾರ. ಈ ಲೆಕ್ಕಾಚಾರವನ್ನು ಇಬ್ಬರು ಅರ್ಥಶಾಸ್ತ್ರಜ್ಞರು ಜಿಮ್‌ಗಳಲ್ಲಿ ಕೂಲಂಕಷವಾಗಿ ನೋಡಿದ್ದಾರೆ. ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್‌ಮೆಂಡಿಯರ್ ಎಂಬವರು ಅಮೆರಿಕದ ಮೂರು ಹೆಲ್ತ್ ಕ್ಲಬ್ಬುಗಳ ಏಳು ಸಾವಿರಕ್ಕೂ ಹೆಚ್ಚು ಸದಸ್ಯರ ಹಾಜರಿಯನ್ನು ತೆಗೆದು, 2006ರಲ್ಲಿ ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಜಾಸ್ತಿ ಕಟ್ಟುವವರು ಸರಾಸರಿ ಹೋಗುತ್ತಿದ್ದದ್ದು ತಿಂಗಳಿಗೆ ನಾಲ್ಕು ಚಿಲ್ಲರೆ ಸಲ. ಒಂದು ಭೇಟಿಗೆ 17 ಡಾಲರಿಗಿಂತ ಹೆಚ್ಚು ಬಿತ್ತು. ಅದೇ ಕ್ಲಬ್ಬಿನಲ್ಲಿ ಹತ್ತು ಭೇಟಿಯ ಪಾಸ್ ತಗೊಂಡಿದ್ದರೆ ಒಂದಕ್ಕೆ 10 ಡಾಲರ್ ಸಾಕಾಗಿತ್ತು. ಅವರು ದಡ್ಡರಲ್ಲ. ನಾಳೆಯಿಂದ ದಿನಾ ಹೋಗುತ್ತೇನೆ ಅಂತ ಮನಸಾರೆ ನಂಬಿ ಕಟ್ಟಿದವರು.

ಇದನ್ನು ಓದಿದ ಮೇಲೆ ನನಗೆ ಒಂದು ಸರಳ ಪರೀಕ್ಷೆ ಹೊಳೆಯಿತು. ದಿನಕ್ಕೆ ಬಿಟ್ಟಿ ಸಿಗುವ ಆ ಒಂದು ರಿವ್ಯೂವನ್ನು ನಾನು ಪೂರ್ತಿ ಬಳಸುತ್ತಿದ್ದೇನಾ? ಎರಡೂ ಆಟ ಸೋತ ದಿನ ಹೌದು, ಇನ್ನೊಂದು ರಿವ್ಯೂ ಬೇಕು ಅನ್ನಿಸುತ್ತದೆ. ಉಳಿದ ದಿನ ಅದು ಹಾಗೇ ಉಳಿದು ಮಧ್ಯರಾತ್ರಿಗೆ ಸತ್ತುಹೋಗುತ್ತದೆ. ಮಳೆ ಬಂದ ದಿನ, ಆಫೀಸಿನಿಂದ ತಡವಾಗಿ ಬಂದ ದಿನ, ಕ್ರಿಕೆಟ್ ಇದ್ದ ದಿನ ಬೋರ್ಡೇ ತೆರೆದಿರುವುದಿಲ್ಲ. ಬಿಟ್ಟಿಯ ಒಂದನ್ನೇ ಖಾಲಿ ಮಾಡದವನಿಗೆ ಮಿತಿಯಿಲ್ಲದ್ದು ಸಿಕ್ಕರೆ ಏನು ಮಾಡುತ್ತಾನೆ?

ಇದಕ್ಕಿಂತ ಮುಖ್ಯವಾದ ತಕರಾರು ಒಂದಿದೆ. ಅದು ರಿವ್ಯೂ ಎನ್ನುವ ಸರಕಿನ ಬಗ್ಗೆಯೇ.

ಒಂದು ಉದಾಹರಣೆ ತಗೊಳ್ಳಿ. ಲೆಗಾಲ್ ಎಂಬ 18ನೇ ಶತಮಾನದ ಫ್ರೆಂಚ್ ಆಟಗಾರನ ಹೆಸರಿನ ಒಂದು ಬಲೆ ಇದೆ. ಕಪ್ಪಿನವನು ತನ್ನ ಒಂಟೆಯನ್ನು ತಂದು ಬಿಳಿಯ ಕುದುರೆಯನ್ನು ಕಟ್ಟಿಹಾಕಿರುತ್ತಾನೆ. ಕುದುರೆ ಕದಲಿದರೆ ಅದರ ಹಿಂದಿರುವ ಮಂತ್ರಿ ಹೋಗುತ್ತದೆ. ಆದರೂ ಬಿಳಿಯವನು ಕುದುರೆ ಎತ್ತಿ ನಡುವಿನ ಕಾಲಾಳನ್ನು ಹೊಡೆಯುತ್ತಾನೆ. ಅರೆ, ಮಂತ್ರಿ ಬಿಟ್ಟಿ! ಕಪ್ಪಿನವನು ತಡಮಾಡದೆ ತಿನ್ನುತ್ತಾನೆ. ಬಿಳಿಯ ಒಂಟೆ ಬಂದು ಚೆಕ್ ಕೊಡುತ್ತದೆ. ರಾಜ ಹೋಗಲು ಇರುವುದು ಒಂದೇ ಮನೆ, ಅಲ್ಲಿಗೆ ಹೋಗುತ್ತಾನೆ. ಇನ್ನೊಂದು ಕುದುರೆ ಹಾರಿ ಬಂದು ಮೇಟ್. ಮಂತ್ರಿ ಇಲ್ಲದೆಯೇ ಆಟ ಮುಗಿಯಿತು.

ಇದನ್ನು ರಿವ್ಯೂಗೆ ಹಾಕಿ. ಮಂತ್ರಿ ತಿಂದ ನಡೆಗೆ ಕೆಂಪು ಬಣ್ಣದಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಬೀಳುತ್ತದೆ. ಬದಲು ಕಾಲಾಳಿನಿಂದ ಆ ಕುದುರೆಯನ್ನು ಹೊಡೆದಿದ್ದರೆ ಬರೀ ಒಂದು ಕಾಲಾಳಿನ ನಷ್ಟದಲ್ಲಿ ಮುಗಿಯುತ್ತಿತ್ತು ಅಂತ ಬಾಣದ ಗುರುತು ತೋರಿಸುತ್ತದೆ. ಎಲ್ಲ ಸರಿ. ಹೂಂ ಅಂದು ಮುಂದಿನ ಬಟನ್ ಒತ್ತುತ್ತೀರಿ. ಎರಡು ನಿಮಿಷದಲ್ಲಿ ಮುಗಿಯಿತು, ಹೊಸ ಆಟ ಶುರು. ಆದರೆ ಕಪ್ಪಿನವನು ಯಾಕೆ ತಿಂದ? ಮಂತ್ರಿ ಕಂಡ ಕೂಡಲೇ ನೋಡುವುದನ್ನು ನಿಲ್ಲಿಸಿದ. ಎದುರಿನವನು ಇಷ್ಟು ದೊಡ್ಡ ಕಾಯಿಯನ್ನು ಯಾಕೆ ಬಿಟ್ಟ ಅಂತ ಕೇಳಿಕೊಳ್ಳಲಿಲ್ಲ. ಗಡಿಯಾರದಲ್ಲಿ ಒಂಬತ್ತು ನಿಮಿಷ ಬಾಕಿ ಇದ್ದರೂ ಎರಡು ಸೆಕೆಂಡಿನಲ್ಲಿ ಕೈ ಹೋಯಿತು. ಈ ಕತೆ ಎಂಜಿನ್‌ಗೆ ಗೊತ್ತಿಲ್ಲ. ಅದು ಬೋರ್ಡನ್ನು ನೋಡುತ್ತದೆ, ಆಡಿದವನ ತಲೆಯನ್ನಲ್ಲ. ಆ ಕತೆಯನ್ನು ಆಡಿದವನು ಮಾತ್ರ ಹೇಳಬಲ್ಲ, ಅದೂ ಆಟ ಮುಗಿದ ಸ್ವಲ್ಪ ಹೊತ್ತಿನೊಳಗೆ. ಬೆಳಗಾದರೆ ಮರೆತುಹೋಗಿರುತ್ತದೆ.

ಮೂರು ಸಲ ವಿಶ್ವ ಚಾಂಪಿಯನ್ ಪಟ್ಟ ಹಿಡಿದ ಸೋವಿಯತ್ ಆಟಗಾರ ಮಿಖಾಯಿಲ್ ಬೋಟ್ವಿನಿಕ್ ತನ್ನ ಕಾಲದ ಹುಡುಗರಿಗೆ ಹೇಳುತ್ತಿದ್ದದ್ದು ಇದನ್ನೇ. ನಿನ್ನ ಆಟವನ್ನು ನೀನೇ ಬಿಡಿಸಿ ಬರೆ, ಬರೆದದ್ದನ್ನು ಪ್ರಕಟಿಸು, ತಪ್ಪಿದ್ದರೆ ಜನ ಎತ್ತಿ ಆಡಲಿ. ಆಗ ಎಂಜಿನ್ ಇರಲಿಲ್ಲ, ಬೇರೆ ದಾರಿ ಇರಲಿಲ್ಲ ಅನ್ನಬಹುದು. ಆದರೆ 2005ರಲ್ಲಿ ನೀಲ್ ಚಾರ್ನೆಸ್ ಮತ್ತು ಜೊತೆಗಾರರು ನೂರಾರು ಟೂರ್ನಿ ಆಟಗಾರರ ಅಭ್ಯಾಸದ ಲೆಕ್ಕ ತೆಗೆದಾಗಲೂ ಹೆಚ್ಚುಕಮ್ಮಿ ಇದೇ ಬಂತು. ರೇಟಿಂಗಿನ ಜೊತೆ ಎಲ್ಲಕ್ಕಿಂತ ಬಿಗಿಯಾಗಿ ಹೊಂದುತ್ತಿದ್ದದ್ದು ಒಬ್ಬರೇ ಕೂತು ಮಾಡಿದ ಗಂಭೀರ ಓದಿನ ಗಂಟೆಗಳು. ಟೂರ್ನಿಗಳಲ್ಲಿ ಆಡಿದ ಗಂಟೆಗಳೂ ಅದರ ಹಿಂದೆಯೇ ನಿಂತವು.

ಹಾಗಾಗಿ ನನ್ನ ತಕರಾರು ಬೆಲೆ ಜಾಸ್ತಿ ಅಂತಲ್ಲ. ನಾನು ಯೋಚಿಸಬೇಕಾದ ಸರಿಯಾದ ಹತ್ತು ನಿಮಿಷದಲ್ಲಿ ನನ್ನ ಬದಲು ಇನ್ನೊಬ್ಬರು ಯೋಚಿಸಿಕೊಡುತ್ತಾರೆ ಅಂತ. ರಿವ್ಯೂ ಎಷ್ಟು ಸಲೀಸಾಗಿರುತ್ತದೋ ಅಷ್ಟು ಬೇಗ ಮನಸ್ಸು ಹಗುರಾಗುತ್ತದೆ. ಸೋಲಿನ ಉರಿ ಆರುತ್ತದೆ. ಆ ಉರಿ ಇದ್ದಾಗಲೇ ಅಲ್ವಾ ಏನಾದರೂ ತಲೆಗೆ ಹೋಗುವುದು? ದಿನಕ್ಕೊಂದೇ ರಿವ್ಯೂ ಎಂಬ ಮಿತಿ ಇದೆಯಲ್ಲ, ಅದು ನನ್ನಂಥವನಿಗೆ ಉಪಕಾರವನ್ನೇ ಮಾಡುತ್ತಿದೆ. ಒಂದೇ ಇದೆ ಅಂದಾಗ ಯಾವ ಆಟಕ್ಕೆ ಬಳಸಲಿ ಅಂತ ಯೋಚಿಸಬೇಕಾಗುತ್ತದೆ. ಅಷ್ಟು ಯೋಚಿಸುವಷ್ಟರಲ್ಲಿ ಅರ್ಧ ಉತ್ತರ ಸಿಕ್ಕಿರುತ್ತದೆ.

ಅದೇ ದುಡ್ಡಿಗೆ ಬೇರೆ ಏನು ಬರುತ್ತದೆ ಅಂತಲೂ ನೋಡಿದೆ. ವರ್ಷದ ಡೈಮಂಡ್ ಹಣದಲ್ಲಿ ಮರದ ಕಾಯಿಗಳ ಒಂದು ಒಳ್ಳೆ ಸೆಟ್ ಬರುತ್ತದೆ. ಇಲ್ಲಾ, ಭಾನುವಾರದ ಟೂರ್ನಿಗಳ ಪ್ರವೇಶ ಶುಲ್ಕ ಕಟ್ಟಬಹುದು. ಗುಕೇಶ್ 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ಡಿಂಗ್ ಲಿರೆನ್ ಅವರನ್ನು ಸೋಲಿಸಿ ಹದಿನೆಂಟನೇ ವಯಸ್ಸಿಗೇ ವಿಶ್ವ ಚಾಂಪಿಯನ್ ಆದ ಮೇಲೆ ಇಂಥ ಟೂರ್ನಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಾಲ್ ತುಂಬ ಮಕ್ಕಳು, ಹೊರಗೆ ಬಿಸಿಲಲ್ಲಿ ಟಿಫಿನ್ ಬಾಕ್ಸ್ ಹಿಡಿದ ಅಪ್ಪ ಅಮ್ಮಂದಿರು. ದೊಡ್ಡವರು ಆಡಿದರೆ ಎಂಟು ವರ್ಷದ ಮಗು ಎದುರಿಗೆ ಕೂತು ಕಾಲಾಡಿಸುತ್ತಾ ಸೋಲಿಸುತ್ತದೆ. ಆ ಅನುಭವವನ್ನು ಯಾವ ಆ್ಯಪ್ ಕೊಡುತ್ತದೆ ಹೇಳಿ. ಜಾಗತಿಕ ಚೆಸ್ ಸಂಸ್ಥೆ ಫಿಡೆ 2024ರ ಮಾರ್ಚಿನಿಂದ ತನ್ನ ರೇಟಿಂಗ್ ಪಟ್ಟಿಯ ತಳವನ್ನು 1000ದಿಂದ 1400ಕ್ಕೆ ಏರಿಸಿದೆ, ಹಾಗಾಗಿ ನನ್ನಂಥವರಿಗೆ ರೇಟಿಂಗ್ ಸಿಗುವುದೇ ಕಷ್ಟ. ಆದರೂ ಎದುರಿಗೆ ಒಬ್ಬ ಮನುಷ್ಯ ಕೂತಿದ್ದರೆ ಕೈ ಎರಡು ಸೆಕೆಂಡಿನಲ್ಲಿ ಹೋಗುವುದಿಲ್ಲ. ಮುಟ್ಟಿದ ಕಾಯನ್ನು ಆಡಲೇಬೇಕು ಎಂಬ ನಿಯಮ ಇದೆಯಲ್ಲ.

ನಮ್ಮ ಮೈಸೂರಿನ ತೇಜ್‌ಕುಮಾರ್ 2017ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದರು, ದೇಶದ 50ನೆಯವರು. ಬೆಂಗಳೂರಿನ ಪ್ರಣವ್ ಆನಂದ್ 2022ರಲ್ಲಿ, 76ನೆಯವರಾಗಿ. ಆ ಬಿರುದಿಗೆ ಬೇಕಾದ ನಾರ್ಮ್‌ಗಳು, ಅಂದರೆ ಟೂರ್ನಿಯಲ್ಲಿ ಆ ಮಟ್ಟದ ಆಟ ಆಡಿ ಗಳಿಸುವ ಅರ್ಹತೆಗಳು, ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲಿ ಸಿಗುವುದಿಲ್ಲ. ಊರೂರು, ದೇಶ ದೇಶ ಅಲೆದು, ಎದುರು ಕೂತು ಆಡಬೇಕು. ಅಂಥ ಮನೆಗಳಲ್ಲಿ ಈ ಆ್ಯಪ್‌ನ ಖರ್ಚು ಲೆಕ್ಕಕ್ಕೇ ಬರುವುದಿಲ್ಲ, ರೈಲಿನ ಟಿಕೆಟ್ಟೇ ಅದಕ್ಕಿಂತ ದೊಡ್ಡದು.

ಕೊನೆಗೆ ನಾನು ಸದಸ್ಯತ್ವ ತಗೊಳ್ಳಲಿಲ್ಲ. ಆಟ ಎರಡೂ ಕಡೆ ಆಡುತ್ತೇನೆ, ಯಾಕಂದರೆ ಗೆಳೆಯರು ಒಂದು ಕಡೆ, ಪಜಲ್ ಇನ್ನೊಂದು ಕಡೆ. ಸೋತ ಆಟವನ್ನು ಮೊದಲು ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದು, ಆಮೇಲೆ ಎಂಜಿನ್‌ಗೆ ತೋರಿಸುತ್ತೇನೆ. ಲೀಚೆಸ್‌ಗೆ ಒಂದಿಷ್ಟು ದೇಣಿಗೆ ಕಳಿಸಿದೆ. ರೆಕ್ಕೆ ಬಂತು. ಅಕ್ಕನ ಮಗ ಅದನ್ನು ನೋಡಿ, “ಏನ್ ಮಾಮ, ಫ್ರೀ ಅಂತ ಹೇಳಿದ್ರೆ ಅಲ್ಲೂ ದುಡ್ಡು ಕೊಟ್ಟಿದ್ದೀರಲ್ಲ” ಅಂದ. ಅದಕ್ಕೆ ನನ್ನ ಹತ್ತಿರ ತರ್ಕದ ಉತ್ತರ ಏನೂ ಇಲ್ಲ. ಉಪಯೋಗಿಸುತ್ತೇನೆ, ಕೊಟ್ಟೆ.

ಆದರೆ ಹೋದ ವಾರ ಹೊಸದುರ್ಗದಿಂದ ತಂಗಿ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದಾಗ ನಾನು ಬೇರೆಯೇ ಮಾತು ಹೇಳಿದೆ. ಅವಳ ಮಗಳಿಗೆ ಎಂಟು ವರ್ಷ. ಶಾಲೆಯಲ್ಲಿ ಯಾರೋ ಚೆಸ್ ಹಿಡಿಸಿದ್ದಾರೆ, ಈಗ ಹಗಲು ರಾತ್ರಿ ಅದೇ. ಮನೆಯ ಹತ್ತಿರ ಕಲಿಸುವವರಿಲ್ಲ. ಚಿತ್ರದುರ್ಗಕ್ಕೆ ವಾರ ವಾರ ಬಸ್ಸಿನಲ್ಲಿ ಕರೆದುಕೊಂಡು ಹೋಗುವುದು ಆಗದ ಮಾತು. ಆನ್‌ಲೈನ್ ಕೋಚ್‌ಗೆ ಕೇಳಿದ ಫೀಸು ಅವಳಿಗೆ ಎಟುಕಲಿಲ್ಲ.

“ಅಣ್ಣ, ಆ ಮೆಂಬರ್‌ಶಿಪ್ ತಗೋಬಹುದಾ? ನೀನು ಬೇಡ ಅಂತ ಬಿಟ್ಟೆಯಂತೆ.”

“ನನಗೆ ಬೇಡ. ಅವಳಿಗೆ ತಗೋ.”

“ಅದ್ಹೇಗೆ?”

ಹೇಗೆ ಅಂದರೆ, ನನಗೆ ಬೇಕಿದ್ದದ್ದು ಉತ್ತರ, ಅವಳಿಗೆ ಬೇಕಿರುವುದು ಪಾಠ. ಕಾಯಿ ಹೇಗೆ ಒಟ್ಟಿಗೆ ಕೆಲಸ ಮಾಡುತ್ತವೆ, ಆನೆ-ರಾಜ ಎರಡೇ ಉಳಿದಾಗ ಹೇಗೆ ಮೇಟ್ ಮಾಡುವುದು, ಇದನ್ನೆಲ್ಲ ಒಂದು ಕ್ರಮದಲ್ಲಿ ಹೇಳಿಕೊಡುವವರು ಹತ್ತಿರ ಇಲ್ಲದಾಗ, ವಿಡಿಯೊ ಪಾಠಗಳಿಗೆ ಕೊಡುವ ಹಣ ಹಣವೇ ಅಲ್ಲ. ಒಬ್ಬ ಕೋಚ್‌ನ ಫೀಸಿನ ಮುಂದೆ ಅದು ಏನೂ ಅಲ್ಲ. ಚಿಕ್ಕ ಮಕ್ಕಳು ದೊಡ್ಡವರ ತಾಣಕ್ಕೆ ಹೋಗಬೇಕಿಲ್ಲ. ಚೆಸ್ ಡಾಟ್ ಕಾಮ್‌ನವರದೇ ಚೆಸ್‌ಕಿಡ್ ಅಂತ ಬೇರೆ ತಾಣ ಇದೆ, ಅಲ್ಲಿ ಅಪರಿಚಿತರು ಬಂದು ಹರಟುವ ಹಾಗಿಲ್ಲ. ಅದಕ್ಕೂ ದುಡ್ಡಿನ ಸದಸ್ಯತ್ವ ಇದೆ. ಪಜಲ್‌ಗೆ ಬೇಕಾದರೆ ಲೀಚೆಸ್‌ನಲ್ಲಿ ಪಕ್ಕದಲ್ಲಿ ಕೂತು ಮಾಡಿಸು ಅಂದೆ.

ದುಡ್ಡು ಕಟ್ಟುವ ವಿಚಾರದಲ್ಲಿ ಮಾತ್ರ ಅಣ್ಣನ ಬುದ್ಧಿವಾದ ಜೋರಾಗಿಯೇ ನಡೆಯಿತು. ವರ್ಷದ್ದು ಬೇಡ, ಮೊದಲು ಒಂದು ತಿಂಗಳದ್ದು. ಕಟ್ಟಿದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ತಾನಾಗೇ ನವೀಕರಣ ಆಗುವುದನ್ನು ಆಫ್ ಮಾಡು, ತಿಂಗಳು ತುಂಬುವವರೆಗೆ ಹೇಗೂ ನಡೆಯುತ್ತದೆ. ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಕಾರ್ಡಿನಿಂದ ಹೀಗೆ ತಾನಾಗೇ ಹಣ ಕಡಿತವಾಗುವ 24 ಗಂಟೆ ಮೊದಲು ಬ್ಯಾಂಕು ಮೆಸೇಜ್ ಕಳಿಸಬೇಕು. ಆದರೆ 15,000 ರೂಪಾಯಿವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಕೇಳುವುದಿಲ್ಲ. ದಿನಕ್ಕೆ ಬರುವ ನೂರು ಮೆಸೇಜಿನ ನಡುವೆ ಆ ಒಂದನ್ನು ಯಾರು ಓದುತ್ತಾರೆ? ಬೆಲೆ ಡಾಲರಿನಲ್ಲಿ ತೋರಿಸಿದರೆ ಬ್ಯಾಂಕಿನವರ ವಿನಿಮಯದ ಶುಲ್ಕ ಬೇರೆ ಸೇರುತ್ತದೆ, ಅದನ್ನೂ ನೋಡಿಕೋ.

“ಮತ್ತೆ ತಿಂಗಳಾದ ಮೇಲೆ?” ಅಂದಳು.

“ಅವಳಾಗೇ ಪಾಠ ತೆರೆದು ಕೂತಿದ್ದರೆ ಮುಂದುವರಿಸು. ನೀನು ಕೂರಿಸಬೇಕಾಗಿ ಬಂದರೆ ನಿಲ್ಲಿಸಿಬಿಡು.”

“ಬೇಸಿಗೆ ರಜೆಯಲ್ಲಿ ಡ್ರಾಯಿಂಗ್ ಕ್ಲಾಸಿಗೆ ಕಟ್ಟಿದ್ದಕ್ಕಿಂತ ಕಮ್ಮೀನೇ ಆಗುತ್ತೆ ಬಿಡು ಅಣ್ಣ” ಅಂದಳು. ಆಮೇಲೆ ಫೋನನ್ನು ಮಗಳ ಕೈಗೆ ಕೊಟ್ಟಳು. ಅವಳು ಕೇಳಿದ್ದು ಒಂದೇ: “ಮಾಮ, ನಿಮ್ಮ ರೇಟಿಂಗ್ ಎಷ್ಟು?” ಲೀಚೆಸ್‌ನದ್ದನ್ನು ಹೇಳಿದೆ.